*ಗಟರ್ ಪೈಪು ಒಡೆದರೆ ಮನೆಯವರಿಗೆ ಕಾಮಾಲೆ ಬರುವುದು ಹೇಗೆ?*

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಈ ವಾರದ ಆರೋಗ್ಯ ಮಾಹಿತಿ. ಊರಿನಲ್ಲಿರುವವರೂ ಓದಬಹುದು, ಪೈಪು ಎಲ್ಲ ಕಡೆಯೂ ಪೈಪೇ.

ಮನೆಯಲ್ಲಿ ಒಂದೇ ವಾರದಲ್ಲಿ ಇಬ್ಬರಿಗೆ ವಾಂತಿ-ಭೇದಿ ಆದರೆ ನಾವು ಮೊದಲು ಬೈಯುವುದು ಪಾನಿಪುರಿಯವನನ್ನು. ಎಷ್ಟೋ ಸಲ ಅವನದು ತಪ್ಪಿರುವುದಿಲ್ಲ. ತಪ್ಪು ನಮ್ಮ ಕಾಂಪೌಂಡಿನ ನೆಲದಡಿ, ಎರಡು ಅಡಿ ಆಳದಲ್ಲಿ ಇರುತ್ತದೆ. ಅಲ್ಲಿ ಕುಡಿಯುವ ನೀರಿನ ಪೈಪು ಮತ್ತು ಕಕ್ಕಸಿನ ಪೈಪು ಅಕ್ಕಪಕ್ಕದಲ್ಲೇ ಮಲಗಿವೆ. ಹಳೆಯ ಸೊಸೈಟಿಗಳಲ್ಲಿ ಒಂದರ ಮೇಲೊಂದು ಇರುವುದೂ ಉಂಟು.

*ಕೊಳಕು ನೀರು ಒಳಗೆ ಹೋಗುವುದು ಯಾವಾಗ?*

ನೀರಿನ ಪೈಪಿನಲ್ಲಿ ಒತ್ತಡ ಇರುವಾಗ ಬಿರುಕಿನಿಂದ ನೀರು ಹೊರಗೆ ಬರುತ್ತದೆಯೇ ಹೊರತು ಹೊರಗಿನದು ಒಳಗೆ ಹೋಗುವುದಿಲ್ಲ. ಆದರೆ ನಮ್ಮ ನಗರಗಳ ಹೆಚ್ಚಿನ ಬಡಾವಣೆಗಳಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಆಗ ಪಕ್ಕದ ಗಟರ್ ಪೈಪಿನಿಂದ ಸೋರಿ ಮಣ್ಣಿನಲ್ಲಿ ನಿಂತ ನೀರು ಅದೇ ಬಿರುಕಿನಿಂದ ಒಳಗೆ ಜಾರುತ್ತದೆ. ಬೆಳಿಗ್ಗೆ ನೀರು ಬಿಟ್ಟ ಕೂಡಲೇ ಮೊದಲ ಹತ್ತು ನಿಮಿಷ ಬರುವ ಮಸುಕು ನೀರು, ಸಣ್ಣ ವಾಸನೆ ಇದರದ್ದೇ. ಕೆಲವರು ನೇರವಾಗಿ ಮುನಿಸಿಪಾಲಿಟಿ ಪೈಪಿಗೇ ಮೋಟಾರು ಹಚ್ಚಿ ಎಳೆಯುತ್ತಾರೆ. ಹಾಗೆ ಎಳೆದಾಗ ಬಿರುಕಿನ ಸುತ್ತ ಇರುವ ಕೊಳಕೂ ಜೊತೆಗೆ ಬರುತ್ತದೆ, ನಮ್ಮ ಮನೆಗೂ, ಪಕ್ಕದವರ ಮನೆಗೂ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಮೊದಲು ತಾನಾಗಿ ಸಂಪಿಗೆ ಬೀಳಲಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರು ಹಾಕಿ.

ಎರಡನೆಯ ದಾರಿ ಸಂಪು. ಗುಜರಾತಿನ ಮನೆಗಳಲ್ಲಿ ನೆಲದೊಳಗಿನ ಟಾಂಕಿ ಬಹಳ ಸಾಮಾನ್ಯ. ಅಹಮದಾಬಾದಿನ ಹಳೆಯ ಪೋಳ್‌ಗಳಲ್ಲಂತೂ ಅಂಗಳದ ಕೆಳಗೆ ಮಳೆನೀರಿನ ಟಾಂಕಾ ಇರುವ ಮನೆಗಳು ಇವತ್ತಿಗೂ ಇವೆ. ಸಂಪಿನ ಗೋಡೆ ಬಿರುಕು ಬಿಟ್ಟು, ಪಕ್ಕದಲ್ಲೇ ಗಟರ್ ಸೋರಿದರೆ ಮುಂದಿನದು ಹೇಳಬೇಕಾಗಿಲ್ಲ.

ಇದರಿಂದ ಬರುವುದು ವಾಂತಿ-ಭೇದಿ, ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಇ ಕಾಮಾಲೆ. ಒಂದು ಮಾತು ಗಮನಿಸಿ. ಭೇದಿ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಟೈಫಾಯ್ಡ್‌ಗೆ 1ರಿಂದ 3 ವಾರ ಬೇಕು. ಕಾಮಾಲೆ ಕಾಣಿಸಿಕೊಳ್ಳಲು ತಿಂಗಳೇ ಹಿಡಿಯಬಹುದು. ಅಷ್ಟರಲ್ಲಿ ನಲ್ಲಿಯಲ್ಲಿ ವಾಸನೆ ಬಂದಿದ್ದು ಎಲ್ಲರಿಗೂ ಮರೆತಿರುತ್ತದೆ. ಹಾಗಾಗಿ ಕಾಮಾಲೆ ಬಂದರೆ ಹೋದ ವಾರ ತಿಂದಿದ್ದನ್ನಲ್ಲ, ಹೋದ ತಿಂಗಳ ನೀರನ್ನು ನೆನಪಿಸಿಕೊಳ್ಳಿ.

1955-56ರಲ್ಲಿ ದೆಹಲಿಯಲ್ಲಿ ಕೊಳಚೆ ನೀರು ಯಮುನೆಯ ಪಂಪ್‌ಹೌಸ್ ಕಡೆಗೆ ಹಿಂದಕ್ಕೆ ಹರಿದು ಸುಮಾರು 29,000 ಜನಕ್ಕೆ ಕಾಮಾಲೆ ಆಯಿತು. ನೀರಿಗೆ ಕ್ಲೋರಿನ್ ಹೆಚ್ಚು ಹಾಕಿದ್ದರು, ಟೈಫಾಯ್ಡ್ ಹರಡಲಿಲ್ಲ, ಆದರೆ ಕಾಮಾಲೆ ನಿಲ್ಲಲಿಲ್ಲ. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಈ ಕಾಮಾಲೆ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಇರುವವರಿಗೆ, ಪ್ರಾಣಕ್ಕೇ ಅಪಾಯ. ನಮ್ಮ ಕರ್ನಾಟಕದಲ್ಲೇ 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತದ್ದು ನಿಮಗೆ ನೆನಪಿರಬಹುದು.

*ಮೂರು ಊರು, ಮೂರು ಬಗೆಯ ನೆಲ*

ಅಹಮದಾಬಾದಿನ ನೆಲ ಮರಳು ಮಿಶ್ರಿತ. ಮಳೆಗಾಲ ಬಂತೆಂದರೆ ಅಲ್ಲಿನ ಪತ್ರಿಕೆಗಳಲ್ಲಿ 'ಭೂವಾ ಬಿತ್ತು' ಎಂಬ ಸುದ್ದಿ ತಪ್ಪುವುದಿಲ್ಲ. ರಸ್ತೆ ಇದ್ದಕ್ಕಿದ್ದಂತೆ ಕುಸಿದು ಬಾವಿಯಂಥ ಗುಂಡಿ ಆಗುವುದಕ್ಕೆ ಅಲ್ಲಿ ಭೂವಾ ಅನ್ನುತ್ತಾರೆ. ಹೆಚ್ಚಿನ ಸಲ ಕಾರಣ ಕೆಳಗಿನ ಹಳೆಯ ಒಳಚರಂಡಿ. ಕೊಳಚೆಯಿಂದ ಏಳುವ ಗ್ಯಾಸು ಕಾಂಕ್ರೀಟ್ ಪೈಪಿನ ನೆತ್ತಿಯನ್ನು ಆಸಿಡ್‌ನಂತೆ ತಿನ್ನುತ್ತದೆ, ತೂತಿನಿಂದ ಮರಳು ಒಳಗೆ ಇಳಿಯುತ್ತದೆ, ಮೇಲೆ ಟೊಳ್ಳಾಗುತ್ತದೆ. ಇದೇ ಕಥೆ ಸಣ್ಣದಾಗಿ ನಿಮ್ಮ ಅಂಗಳದಲ್ಲೂ ನಡೆಯುತ್ತದೆ. ಒಂದು ಟೈಲ್ಸ್ ಕುಸಿದಿದ್ದರೆ, ಕಾಲಿಟ್ಟರೆ ಡಬ್ ಡಬ್ ಸದ್ದು ಬಂದರೆ, ಮೇಲೆ ಸಿಮೆಂಟು ಬಳಿದು ಸುಮ್ಮನಾಗಬೇಡಿ.

ವಡೋದರಾ, ಸೂರತ್ ಕಡೆ ಹೆಚ್ಚಾಗಿ ಎರೆಮಣ್ಣು. ನಮ್ಮ ಹುಬ್ಬಳ್ಳಿ-ಗದಗಿನವರಿಗೆ ಗೊತ್ತು, ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರೊಂದಿಗೆ ಪೈಪೂ ಏಳುತ್ತದೆ, ಇಳಿಯುತ್ತದೆ. ಹಳೆಯ ಮನೆಗಳಲ್ಲಿರುವ ಮಣ್ಣಿನ ಸ್ಟೋನ್‌ವೇರ್ ಪೈಪಿನ ಸಿಮೆಂಟು ಜಾಯಿಂಟು ಇದನ್ನು ತಾಳುವುದಿಲ್ಲ. ಸೂರತ್‌ನಲ್ಲಿ ತಾಪಿಯ ಪ್ರವಾಹ, ವಡೋದರಾದಲ್ಲಿ ವಿಶ್ವಾಮಿತ್ರಿಯ ಪ್ರವಾಹ ಬೇರೆ. 2024ರ ಆಗಸ್ಟಿನಲ್ಲಿ ಮೊಸಳೆ ರಸ್ತೆಗೆ ಬಂದ ವಿಡಿಯೋ ಎಲ್ಲರೂ ನೋಡಿದ್ದೀರಿ. ನೀರು ಏರಿದಾಗ ಮೊಸಳೆಗಿಂತ ಹೆಚ್ಚು ಮನೆಗಳಿಗೆ ನುಗ್ಗುವುದು ಗಟರ್ ನೀರು, ಅದೂ ನೆಲಮಹಡಿಯ ಬಚ್ಚಲಿನ ಜಾಲಿಯಿಂದ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡದ್ದೂ ಮಳೆಯ ನೀರು, ಕಸ ನಿಂತು ಇಲಿ ಹೆಚ್ಚಿದ ಕಾಲದಲ್ಲೇ. ಆಮೇಲೆ ಕಮಿಷನರ್ ಎಸ್. ಆರ್. ರಾವ್ ಕಾಲದಲ್ಲಿ ಆ ಊರು ಎಷ್ಟು ಸ್ವಚ್ಛವಾಯಿತೆಂದು ದೇಶವೇ ನೋಡಿತು. ದಕ್ಷಿಣ ಗುಜರಾತಿನಲ್ಲಿ ಮಳೆಗಾಲದ ಇಲಿಜ್ವರ ಇನ್ನೂ ಇದೆ. ಕಾಲಿನಲ್ಲಿ ಗಾಯ ಇದ್ದರೆ ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ.

*ಎಲ್ಲಿ ಕೆಟ್ಟಿದೆ ಎಂದು ಮೊದಲು ಹುಡುಕಿ, ಆಮೇಲೆ ಅಗೆಯಿರಿ*

ಪ್ಲಂಬರ್ ಬಂದ ಕೂಡಲೇ 'ಎಲ್ಲಾ ಒಡೆಯಬೇಕು ಸಾಹೇಬ್' ಎಂದರೆ ಒಪ್ಪಬೇಡಿ. ಅರ್ಧ ಗಂಟೆಯಲ್ಲಿ ನೀವೇ ಬಹಳಷ್ಟು ತಿಳಿಯಬಹುದು.

✅ ಒಂದೇ ಬೇಸಿನ್ ಕಟ್ಟಿದ್ದರೆ ತೊಂದರೆ ಅಲ್ಲೇ ಇದೆ, ಕೆಳಗಿನ ಟ್ರ್ಯಾಪ್ ಬಿಚ್ಚಿ ತೊಳೆದರೆ ಆಯಿತು. ಅಡುಗೆಮನೆಯಲ್ಲಿ ನೀರು ಬಿಟ್ಟರೆ ಬಚ್ಚಲಿನ ಜಾಲಿಯಲ್ಲಿ ಗುಳುಗುಳು ಎಂದರೆ, ಫ್ಲಶ್ ಮಾಡಿದಾಗ ನೆಲದಿಂದ ನೀರು ಉಕ್ಕಿದರೆ, ಅದು ಮುಖ್ಯ ಪೈಪಿನ ತೊಂದರೆ.

✅ ಅಂಗಳದ ಚೇಂಬರ್ ಮುಚ್ಚಳ ತೆಗೆಸಿ. ಗುಜರಾತಿ ಪ್ಲಂಬರ್ ಇದಕ್ಕೆ 'ಕುಂಡಿ' ಅನ್ನುತ್ತಾನೆ. ಮೊದಲ ಸಲ ಕೇಳಿದ ಕನ್ನಡಿಗರಿಗೆ ನಗು ತಡೆಯುವುದು ಕಷ್ಟ, ಆದರೆ ಶಬ್ದ ನೆನಪಿಡಿ, ಕೆಲಸಕ್ಕೆ ಬರುತ್ತದೆ 😄. ಕಕ್ಕಸು ಕಟ್ಟಿದೆ, ಚೇಂಬರ್ ಮಾತ್ರ ಖಾಲಿ ಎಂದರೆ ಅಡಚಣೆ ಮನೆಗೂ ಚೇಂಬರಿಗೂ ನಡುವೆ. ಚೇಂಬರ್ ತುಂಬಿದ್ದರೆ ಮುಂದಿನದು ನೋಡಿ. ಯಾವ ಎರಡರ ನಡುವೆ ಒಂದು ತುಂಬಿ ಇನ್ನೊಂದು ಖಾಲಿ ಇದೆಯೋ ಅಲ್ಲೇ ಸಿಕ್ಕಿಕೊಂಡಿದೆ. ರಸ್ತೆಯ ಮ್ಯಾನ್‌ಹೋಲೇ ತುಂಬಿದ್ದರೆ ನಿಮ್ಮ ನೆಲ ಒಡೆಸಿ ಪ್ರಯೋಜನವಿಲ್ಲ, ಮಹಾನಗರಪಾಲಿಕೆಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮುಚ್ಚಳ ತೆಗೆದ ಮೇಲೆ ಸ್ವಲ್ಪ ಹೊತ್ತು ದೂರ ನಿಲ್ಲಿ, ಬಗ್ಗಿ ಮೂಗು ಹಾಕಬೇಡಿ, ಹತ್ತಿರ ಬೀಡಿ-ಸಿಗರೇಟು ಬೇಡ.

✅ ಗೋಡೆ ಒದ್ದೆ ಆಗುತ್ತಿದೆ, ಎಲ್ಲಿಂದ ಗೊತ್ತಿಲ್ಲ ಎಂದರೆ ಬಕೆಟ್ ನೀರಿಗೆ ಹೋಳಿ ಬಣ್ಣ ಕಲಸಿ ಒಂದೊಂದೇ ಕಕ್ಕಸಿಗೆ ಸುರಿಯಿರಿ. ಚೇಂಬರಿನಲ್ಲಿ ಬಣ್ಣ ಎಷ್ಟು ಬಂತು, ಗೋಡೆಯಲ್ಲಿ ಬಂತೇ ನೋಡಿ. ಒಂದು ದಿನ ಒಂದೇ ಬಣ್ಣ.

✅ ಊರಿಗೆ ಹೋಗಿ ಹದಿನೈದು ದಿನದ ಮೇಲೆ ಬಂದಾಗ ಮನೆ ನಾರಿದರೆ ಹೆದರಬೇಡಿ. ಜಾಲಿಯ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರು ಒಣಗಿರುತ್ತದೆ. ಎರಡು ಚೊಂಬು ನೀರು ಹಾಕಿದರೆ ವಾಸನೆ ನಿಲ್ಲುತ್ತದೆ. ನಿಲ್ಲದಿದ್ದರೆ ಮಾತ್ರ ಬಿರುಕು ಹುಡುಕಿ.

✅ ಇದು ಎಲ್ಲಕ್ಕಿಂತ ಮುಖ್ಯ: *ಸಂಪಿನ ರಾತ್ರಿ ಪರೀಕ್ಷೆ*. ರಾತ್ರಿ ಸಂಪಿಗೆ ಬರುವ ವಾಲ್ವ್ ಬಂದ್ ಮಾಡಿ, ಮೋಟಾರು ಹಾಕಬೇಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ. ಏರಿದ್ದರೆ ಹೊರಗಿನದು ಒಳಗೆ ಬರುತ್ತಿದೆ, ಆ ನೀರನ್ನು ಆ ಕ್ಷಣದಿಂದ ಕುಡಿಯಬೇಡಿ. ಮಳೆಗಾಲದಲ್ಲಿ ಎರಡು ಸಲವಾದರೂ ಮಾಡಿ. ಜೊತೆಗೆ ಕ್ಲೋರಿನ್ ಪರೀಕ್ಷೆಯ ಸಣ್ಣ ಕಿಟ್ ಇಟ್ಟುಕೊಂಡರೆ ಒಳ್ಳೆಯದು. ಮುನಿಸಿಪಾಲಿಟಿ ನಲ್ಲಿಯಲ್ಲಿ ಲೀಟರಿಗೆ 0.2 ಮಿ.ಗ್ರಾಂ ಆದರೂ ಕ್ಲೋರಿನ್ ಇರಬೇಕು. ದಿನವೂ ಇರುತ್ತಿದ್ದದ್ದು ಒಮ್ಮೆಲೇ ಸೊನ್ನೆಯಾದರೆ ದಾರಿಯಲ್ಲಿ ಕೊಳಕು ಸೇರಿರಬಹುದು.

ಇಷ್ಟಾದರೂ ತಿಳಿಯದಿದ್ದರೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವವರನ್ನು ಕರೆಸಿ. ನೆಲ ಒಡೆದು ಹುಡುಕುವುದಕ್ಕಿಂತ ಮೇಲು.

*ರಿಪೇರಿಯೋ, ಹೊಸದೋ?*

ಎಣ್ಣೆ ಜಿಡ್ಡು, ಪ್ಯಾಡ್, ಬಟ್ಟೆ ಸಿಕ್ಕಿಕೊಂಡಿದ್ದರೆ ಜೆಟ್ಟಿಂಗ್ ಯಂತ್ರದಿಂದ ತೊಳೆಸಿದರೆ ಸಾಕು. ಮನೆಯಲ್ಲಿ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಸುರಿಯಬೇಡಿ, ಕ್ಲೋರಿನ್ ಗ್ಯಾಸು ಎದ್ದು ಶ್ವಾಸಕೋಶ ಸುಡುತ್ತದೆ. ಅರಳಿ, ಆಲದ ಬೇರು ನುಗ್ಗಿದ್ದರೆ ಕತ್ತರಿಸಿದ ಬೇರು ಮತ್ತೆ ಬರುತ್ತದೆ, ಆ ಜಾಯಿಂಟು ಬದಲಿಸಲೇಬೇಕು. ಒಂದೇ ಕಡೆ ಬಿರುಕಿದ್ದರೆ ಅಷ್ಟೇ ತುಂಡು ಬದಲಿಸಿ. ಆದರೆ ಸ್ಟೋನ್‌ವೇರ್ ಪೈಪು ಎರಡು ಮೂರು ಕಡೆ ಬಿಟ್ಟಿದ್ದರೆ ಪೂರ್ತಿ ಹೊಸದು ಹಾಕಿಸಿ. ಈ ವರ್ಷ ಒಂದು ಜಾಯಿಂಟು, ಮುಂದಿನ ವರ್ಷ ಇನ್ನೊಂದು ಎಂದು ಅಗೆಯುತ್ತಾ ಹೋದರೆ ಖರ್ಚು ದುಪ್ಪಟ್ಟು.

ಹೊಸ ಪೈಪು ಕೊಳ್ಳುವಾಗ ಮೇಲಿನ ಅಚ್ಚು ಓದಿ. ಐಎಸ್ 13592 ಪೈಪಿನಲ್ಲಿ ಟೈಪ್ ಎ ಮಳೆನೀರು ಮತ್ತು ಗಾಳಿಗೆ, ಕಕ್ಕಸಿಗೆ ಟೈಪ್ ಬಿ. ಎ ಹಗುರ, ಅಗ್ಗ, ಅಂಗಡಿಯವರು ಅದನ್ನೇ ಕೊಟ್ಟುಬಿಡುತ್ತಾರೆ. ನೆಲದಡಿ ಹೂಳುವುದಕ್ಕೆ ಐಎಸ್ 15328 ಬೇರೆಯೇ ಇದೆ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಇರಲಿ. 90 ಡಿಗ್ರಿಯ ಒಂದು ತಿರುವಿನ ಬದಲು 45ರ ಎರಡು ತಿರುವು ಹಾಕಿಸಿ, ತಿರುಗುವಲ್ಲಿ ಚೇಂಬರ್ ಇರಲಿ. ಎರೆಮಣ್ಣಿನಲ್ಲಿ ಪೈಪಿನ ಕೆಳಗೂ ಸುತ್ತಲೂ ಮರಳು ತುಂಬಿಸಬೇಕು. ನೀರಿನ ಪೈಪು ಗಟರ್ ಪೈಪಿನಿಂದ 10 ಅಡಿ ದೂರ ಇರುವುದು ಒಳ್ಳೆಯದು. ಸಣ್ಣ ಸೈಟಿನಲ್ಲಿ ಅದು ಆಗದ ಮಾತು, ಆದರೆ ದಾಟುವ ಕಡೆ ನೀರಿನ ಪೈಪು ಒಂದೂವರೆ ಅಡಿ ಮೇಲೇ ಇರಲಿ, ಕೆಳಗೆ ಬೇಡವೇ ಬೇಡ. ತಾರಸಿಯ ಮಳೆನೀರನ್ನು ಗಟರ್‌ಗೆ ಸೇರಿಸಬೇಡಿ, ಮೊದಲ ದೊಡ್ಡ ಮಳೆಗೇ ಅದು ನಿಮ್ಮ ನೆಲಮಹಡಿಯಿಂದ ವಾಪಸ್ ಬರುತ್ತದೆ. ತಗ್ಗಿನ ಮನೆಯವರು ಚೇಂಬರಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಿ.

ಮಣ್ಣು ಮುಚ್ಚುವ ಮೊದಲು ಕೆಳಬಾಯಿಗೆ ಬಿರಡೆ ಹಾಕಿ, ಪೈಪಿಗೆ ನೀರು ತುಂಬಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿಯದಿದ್ದರೆ ಮಾತ್ರ ಕೊನೆಯ ಹಣ ಕೊಡಿ. ಮುಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮುಂದೆ ಅಗೆಯುವವರಿಗೆ ಅದೇ ನಕ್ಷೆ.

*⚠️ ಮನುಷ್ಯರನ್ನು ಒಳಗೆ ಇಳಿಸಬೇಡಿ*

ಇದನ್ನು ನಮ್ಮ ಹೋಟೆಲ್ ಬಂಧುಗಳು ದಯವಿಟ್ಟು ಎರಡು ಸಲ ಓದಿ. 2019ರ ಜೂನ್‌ನಲ್ಲಿ ವಡೋದರಾ ಜಿಲ್ಲೆಯ ಡಭೋಯಿ ಹತ್ತಿರ ಒಂದು ಹೋಟೆಲಿನ ಗುಂಡಿ ಸ್ವಚ್ಛ ಮಾಡಲು ಹೋಗಿ ಒಂದೇ ರಾತ್ರಿ 7 ಜನ ಸತ್ತರು. ನಾಲ್ವರು ಸಫಾಯಿ ಕೆಲಸದವರು, ಮೂವರು ಹೋಟೆಲಿನ ಕೆಲಸಗಾರರು. ಇಳಿದವರನ್ನು ಎತ್ತಲು ಹೋದವರೂ ಮೇಲೆ ಬರಲಿಲ್ಲ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇರುವಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲ ಎಂದು ಇಳಿದವನು ಕೆಲವು ಉಸಿರಿನಲ್ಲೇ ಬೀಳುತ್ತಾನೆ.

2013ರ ಕಾನೂನಿನ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನಾದರೂ ಗಟರ್ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಗಟರ್ ಸಾವಿಗೆ 30 ಲಕ್ಷ ಪರಿಹಾರ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಬಿಡಿ, ಐನೂರು ರೂಪಾಯಿ ಉಳಿಸಲು ಒಬ್ಬ ಮನೆಮಗನನ್ನು ಒಳಗೆ ಕಳಿಸುವ ಮನಸ್ಸಾದರೂ ಹೇಗೆ ಬರುತ್ತದೆ? ಹೀರುವ ಯಂತ್ರದ ಗಾಡಿ ಬರುವವರೆಗೆ ಕಾಯಿರಿ. ಯಾರಾದರೂ ಬಿದ್ದಿದ್ದರೆ ಹಿಂದೆ ಇಳಿಯಬೇಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

*ರಿಪೇರಿ ಮುಗಿಯುವವರೆಗೆ*

ಕುಡಿಯುವ ನೀರು ಕುದಿಸಿ. ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕುದಿಯಲಿ. ಆರ್‌ಓ ಇದೆ ಎಂದು ನಿಶ್ಚಿಂತೆ ಬೇಡ, ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು ಆರ್‌ಓ ನೀರಿನಲ್ಲಿ ಅಲ್ಲವಲ್ಲ! ಗಟರ್ ನೀರು ಸೇರಿದ ಸಂಪನ್ನು ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಬಿರುಕು ಮುಚ್ಚಿಸಿ, ಮತ್ತೆ ನೀರು ತುಂಬಿ 1,000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ಒಂದು ದಿನ ಪೂರ್ತಿ ಬಿಡಿ. ಆ ನೀರನ್ನು ಬಳಸದೆ ಚೆಲ್ಲಿ. ಮೇಲಿನ ಟ್ಯಾಂಕಿಗೂ ಹೀಗೆಯೇ ಮಾಡಿ.

ಭೇದಿ ಆದವರಿಗೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದಲ್ಲಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಮೂರು ದಿನ ದಾಟಿದರೆ, ಕಣ್ಣು ಹಳದಿಯಾದರೆ ಆಸ್ಪತ್ರೆಗೆ. ಗರ್ಭಿಣಿಯ ಕಣ್ಣು ಹಳದಿ ಕಂಡರೆ ಅದೇ ದಿನ, ಬೆಳಗಾಗಲಿ ಎಂದು ಕಾಯಬೇಡಿ. ಡಾಕ್ಟರಿಗೆ 'ನಮ್ಮ ನಲ್ಲಿ ನೀರಿನಲ್ಲಿ ವಾಸನೆ ಬರುತ್ತಿತ್ತು' ಎಂದೂ ಹೇಳಿ. ಒಂದೇ ಸೊಸೈಟಿಯಿಂದ ಮೂರು ನಾಲ್ಕು ಜನ ಅದೇ ಮಾತು ಹೇಳಿದರೆ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ ತಿಳಿಸಿ ನೀರಿನ ಮಾದರಿ ತೆಗೆಸಿ.