ಮೂಗಿನಲ್ಲಿ ರಕ್ತ: ಊರಿಗೆ ಹೋಗುವ ತನಕ ಕಾಯಬೇಡಿ

ಮುಂಜಾನೆ ಎದ್ದು ಸಿಂಬಳ ತೆಗೆದಾಗ ಕರವಸ್ತ್ರದಲ್ಲಿ ಕೆಂಪು ಗೆರೆ. ಗಾಬರಿಯಿಂದ ಪಕ್ಕದ ಮಂಚದವನಿಗೆ ತೋರಿಸಿದರೆ, "ಉಷ್ಣ ಆಗಿರಬೇಕು ಮಾರಾಯ, ನೀರು ಚೆನ್ನಾಗಿ ಕುಡಿ. ಊರಿಗೆ ಹೋದಾಗ ಡಾಕ್ಟರಿಗೆ ತೋರಿಸಿದರಾಯಿತು" ಎಂಬ ಸಲಹೆ. ಹೊಟ್ಟೆಪಾಡಿಗಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕರಾವಳಿಯ ಹೋಟೆಲ್ ಕಾರ್ಮಿಕರ ಕೋಣೆಗಳಲ್ಲಿ ಇಂಥ ಮಾತು ಹೊಸದೇನಲ್ಲ. ಈ ಸಲಹೆಯ ಮೊದಲರ್ಧ ಬಹುಮಟ್ಟಿಗೆ ಸರಿ. ಉಳಿದರ್ಧ ಮಾತ್ರ ಕೆಲವರ ಪಾಲಿಗೆ ಅಪಾಯಕಾರಿ.

ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳಿಗೆ ಎಟಕುವಷ್ಟು ಹತ್ತಿರದಲ್ಲೇ, ಸೂಕ್ಷ್ಮ ರಕ್ತನಾಳಗಳ ಜಾಲವೊಂದಿದೆ. ಮೂಗಿನ ರಕ್ತ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಒಳಪೊರೆ ಒಣಗಿ ಬಿರುಕು ಬಿಟ್ಟಾಗ, ಜೋರಾಗಿ ಸಿಂಬಳ ತೆಗೆದರೂ ಸಾಕು, ಸಿಂಬಳಕ್ಕೆ ರಕ್ತದ ಎಳೆ ಸೇರುತ್ತದೆ. ಕಂದು ಬಣ್ಣದ ಹೆಕ್ಕಳೆ ಬಂದರೆ ಅದು ಹಳೆಯ ರಕ್ತ. ಮಂಗಳೂರು, ಉಡುಪಿ, ಕಾಸರಗೋಡಿನ ಕಡಲ ಗಾಳಿಗೆ ಒಗ್ಗಿದ ಮೂಗಿಗೆ ಅಹಮದಾಬಾದಿನ ಒಣಹವೆ ಸುಲಭವಾಗಿ ಹಿಡಿಸುವುದಿಲ್ಲ. 2016ರ ಮೇ 20ರಂದು ಇಲ್ಲಿ ತಾಪಮಾನ 48 ಡಿಗ್ರಿ ಮುಟ್ಟಿತ್ತು. ಬೇಸಿಗೆಯಷ್ಟೇ ಅಲ್ಲ, ಜನವರಿಯ ಉತ್ತರಾಯಣದಲ್ಲಿ ದಿನವಿಡೀ ತಾರಸಿಯ ಮೇಲೆ ಗಾಳಿಪಟ ಹಾರಿಸುವ ಮಕ್ಕಳ ಮೂಗೂ ಚಳಿಗಾಲದ ಒಣಗಾಳಿಗೆ ಒಡೆಯುತ್ತದೆ. ಸೂರತ್ ಸಮುದ್ರಕ್ಕೆ ಹತ್ತಿರವಿರುವುದರಿಂದ ಗಾಳಿಯಲ್ಲಿ ತೇವವಿದೆ. ಆದರೆ ಅಲ್ಲಿ ಮಗ್ಗದ ಧೂಳಿದೆ, ಎ.ಸಿ. ಇದೆ. ಭಟ್ಟಿಯ ಮುಂದೆ ನಿಂತು ದುಡಿಯುವವರಿಗಂತೂ ಮೂರೂ ನಗರಗಳು ಒಂದೇ.

ಹಳಬರಲ್ಲಿ ಕೆಲವರಿಗೆ ನಸ್ಯದ ಚಟ. ಗುಜರಾತಿನಲ್ಲಿ ಅದಕ್ಕೆ ಛೀಂಕಣಿ ಎನ್ನುತ್ತಾರೆ. ಒಳಪೊರೆಯನ್ನು ಕೆಡಿಸುವುದರಲ್ಲಿ ಅದು ಒಣಹವೆಗೇನೂ ಕಡಿಮೆಯಲ್ಲ. ಮೂಗು ಕಟ್ಟಿದಾಗ ಮೆಡಿಕಲ್ ಸ್ಟೋರಿನಿಂದ ತಂದ ಡ್ರಾಪ್ಸನ್ನು ವಾರಗಟ್ಟಲೆ ಹಾಕಿಕೊಳ್ಳುವುದೂ ಸಲ್ಲದು. ಅದು ನಾಲ್ಕೈದು ದಿನಗಳ ಮದ್ದು. ಒಣಗಿದ ಮೂಗಿಗೆ ಉಪ್ಪುನೀರಿನ ಸಲೈನ್ ಡ್ರಾಪ್ಸ್ ಸಾಕು. ರಾತ್ರಿ ಹೊಳ್ಳೆಯ ಅಂಚಿಗೆ ತುಸು ವ್ಯಾಸಲಿನ್ ಸವರಬಹುದು.

ರಕ್ತ ಧಾರೆಯಾಗಿ ಸುರಿಯತೊಡಗಿದರೆ ತಲೆಯನ್ನು ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ತಟ್ಟುವುದು, ಈರುಳ್ಳಿ ಮೂಸಿಸುವುದು ನಮ್ಮವರ ರೂಢಿ. ತಲೆ ಹಿಂದಕ್ಕೆ ಬಾಗಿಸಲೇಬಾರದು. ರಕ್ತ ಗಂಟಲಿಗಿಳಿದು ಹೊಟ್ಟೆ ಸೇರಿ ವಾಂತಿಯಾಗುತ್ತದೆ, ಎಷ್ಟು ಹೋಯಿತೆಂಬ ಲೆಕ್ಕವೂ ಸಿಗುವುದಿಲ್ಲ. ನೆಟ್ಟಗೆ ಕುಳಿತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿದು ಬಾಯಿಯಲ್ಲಿ ಉಸಿರಾಡಬೇಕು. ಮೇಲಿನ ಎಲುಬನ್ನು ಹಿಡಿದರೆ ಪ್ರಯೋಜನವಿಲ್ಲ. ಗಡಿಯಾರ ನೋಡಿ 10ರಿಂದ 15 ನಿಮಿಷ. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವ ಆತುರದಿಂದಲೇ ಎಷ್ಟೋ ಸಲ ರಕ್ತ ನಿಲ್ಲುವುದಿಲ್ಲ. ಹೀಗೆ ಎರಡು ಸಲ ಒತ್ತಿದರೂ ನಿಲ್ಲದಿದ್ದರೆ, ತಲೆಸುತ್ತು ಬಂದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ರಕ್ತ ಬಂದರೆ 108ಕ್ಕೆ ಕರೆ ಮಾಡಬೇಕು. ಗುಜರಾತಿನಲ್ಲಿ ಈ ಆಂಬುಲೆನ್ಸ್ ಸೇವೆ 2007ರಿಂದಲೂ ಇದೆ.

ಹೃದಯದ ಕಾಯಿಲೆಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ರಕ್ತ ಬೇಗ ನಿಲ್ಲದು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಹೃದಯಕ್ಕೇ ಕುತ್ತು. ವೈದ್ಯರನ್ನು ಕೇಳಬೇಕು. ಬಿ.ಪಿ. ಹೆಚ್ಚಿದ್ದರೂ ರಕ್ತ ನಿಲ್ಲುವುದು ಕಷ್ಟ. ಮಳೆಗಾಲದಲ್ಲಿ ಜ್ವರದ ಜೊತೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಕಂಡರೆ ಡೆಂಗ್ಯೂ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು ಕಾಯಲೇಬಾರದವರ ಮಾತು. ಒಂದೇ ಹೊಳ್ಳೆ ಎರಡು ಮೂರು ವಾರಗಳಿಂದ ಕಟ್ಟಿಕೊಂಡು, ಅದರಿಂದಲೇ ಮತ್ತೆ ಮತ್ತೆ ರಕ್ತಮಿಶ್ರಿತ ಸಿಂಬಳ ಬರುತ್ತಿದ್ದರೆ, ಕೆನ್ನೆ ಜೋಮು ಹಿಡಿದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಒಳಗೆ ಗಡ್ಡೆ ಇದೆಯೇ ಎಂದು ನೋಡಿಸಬೇಕು. ವರ್ಷಗಟ್ಟಲೆ ಮರದ ಧೂಳಿನಲ್ಲಿ ದುಡಿದ ಬಡಗಿಗಳಲ್ಲಿ ಮೂಗಿನ ಕ್ಯಾನ್ಸರಿನ ಸಾಧ್ಯತೆ ಹೆಚ್ಚು. ಹರೆಯದ ಹುಡುಗರಲ್ಲಿ ಒಂದೇ ಕಡೆಯಿಂದ ಪದೇ ಪದೇ ಜೋರಾಗಿ ರಕ್ತ ಸುರಿಯುವುದಕ್ಕೂ ಗಡ್ಡೆ ಕಾರಣವಿರಬಹುದು. ಪುಟ್ಟ ಮಕ್ಕಳ ಒಂದು ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿರುತ್ತದೆ. ಆಟಿಕೆಯ ಗುಂಡಿ ಬ್ಯಾಟರಿಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟುಬಿಡುತ್ತದೆ.

ಮಧುಮೇಹಿಗಳು 2021ನ್ನು ಮರೆಯುವಂತಿಲ್ಲ. ಕೊರೊನಾ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರದ ಕಾಟ ತೀವ್ರವಾಗಿದ್ದ ರಾಜ್ಯಗಳಲ್ಲಿ ಗುಜರಾತೂ ಒಂದು. ಈ ಮೂರೂ ನಗರಗಳ ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ವಾರ್ಡುಗಳಿದ್ದವು. ಸಕ್ಕರೆ ಹತೋಟಿ ತಪ್ಪಿದ್ದವರಿಗೆ, ಸ್ಟಿರಾಯಿಡ್ ಪಡೆದವರಿಗೆ ಅದು ಹೆಚ್ಚಾಗಿ ತಗಲಿತ್ತು. ಮೂಗಿನಿಂದ ಕಪ್ಪು ಅಥವಾ ರಕ್ತದ ಸ್ರಾವ, ಮುಖದ ಒಂದು ಬದಿಯಲ್ಲಿ ನೋವು, ಕಣ್ಣಿನ ಊತ ಅದರ ಲಕ್ಷಣ. ಆ ಅಲೆ ಇಳಿದಿದೆ, ಆದರೆ ಶಿಲೀಂಧ್ರ ಅಳಿದಿಲ್ಲ. ಇಲ್ಲಿ ಒಂದು ದಿನ ತಡವಾದರೂ ಕಣ್ಣಿಗೆ, ಪ್ರಾಣಕ್ಕೆ ಸಂಚಕಾರ.

ಬೆಳಿಗ್ಗೆ ಕ್ಯಾಕರಿಸಿದಾಗ ಕಾಣುವ ರಕ್ತ ಎಷ್ಟೋ ಸಲ ರಾತ್ರಿ ಮೂಗಿನಿಂದ ಗಂಟಲಿಗೆ ಇಳಿದದ್ದು. ಆದರೆ ಕೆಮ್ಮಿದಾಗ ಕಫದಲ್ಲಿ ಬರುವ ರಕ್ತವೇ ಬೇರೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿಗೆ ಹೆದರಿ ಸೂರತ್ ಬಿಟ್ಟು ಓಡಿದ ಜನರನ್ನು ಕಂಡ ಹಿರಿಯರು ಇಂದಿಗೂ ಅಂಥ ಕಫಕ್ಕೆ ಬೆಚ್ಚುತ್ತಾರೆ. ಈಗ ಶಂಕಿಸಬೇಕಾದದ್ದು ಮುಖ್ಯವಾಗಿ ಕ್ಷಯವನ್ನು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿತ ಜೊತೆಗಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವಲ್ಲಿ ಒಬ್ಬನ ತಡ ಎಲ್ಲರಿಗೂ ತಟ್ಟುತ್ತದೆ. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ.

ರಜೆ ಸಿಗದು, ಸಂಬಳ ಕಡಿತವಾಗುತ್ತದೆ, ಭಾಷೆ ಸರಿಯಾಗಿ ಬಾರದು ಎಂಬ ಅಳುಕಿನಿಂದಲೇ ಹಲವರು ಮೇ ತಿಂಗಳಲ್ಲಿ ಊರಿಗೆ ಹೋಗುವ ತನಕ ದಿನ ತಳ್ಳುತ್ತಾರೆ. ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದಲ್ಲಿ ಸಯಾಜಿ ಆಸ್ಪತ್ರೆ, ಸೂರತ್‌ನಲ್ಲಿ ನ್ಯೂ ಸಿವಿಲ್ ಮತ್ತು ಸ್ಮೀಮೇರ್ ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗಗಳಿವೆ. ಕಿಸೆಗೆ ಭಾರವಾಗುವುದಿಲ್ಲ. ಹೋಟೆಲ್ ಧಣಿಗಳೂ ಅರ್ಧ ದಿನ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಮೂಗಿನಿಂದ ರಕ್ತ ಸುರಿಯುವುದಕ್ಕೆ ಗುಜರಾತಿಯಲ್ಲಿ "ನಸ್ಕೋರಿ ಫೂಟವೀ" ಎನ್ನುತ್ತಾರೆ. "ನಾಕಮಾಂಥೀ ಲೋಹೀ ಆವೇ ಛೇ" ಎಂದರೂ ವೈದ್ಯರಿಗೆ ತಿಳಿಯುತ್ತದೆ. ಯಾವ ಹೊಳ್ಳೆ, ಎಷ್ಟು ದಿನದಿಂದ ಎಂಬುದನ್ನು ನೆನಪಿಟ್ಟುಕೊಂಡು, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ಕಿಸೆಯಲ್ಲಿ ಒಯ್ದರಾಯಿತು.