ಹಿಮದ ಹಡಗೂ ಅಥಣಿಯ ಬಿಸಿಲೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಈ ಐದು ತಾಲ್ಲೂಕುಗಳ ಯಾವ ಮೂಲೆಯಲ್ಲಿ ನಿಂತರೂ ಕಡಲು ಕಣ್ಣಿಗೆ ಬೀಳುವುದಿಲ್ಲ. ಪಡುವಣಕ್ಕೆ ಸಹ್ಯಾದ್ರಿ ಅಡ್ಡ ನಿಂತಿದೆ. ಕೃಷ್ಣೆಯೋ ಮೂಡಣ ಸಮುದ್ರವನ್ನು ಅರಸಿ ಹೊರಟವಳು. ಇಂಥ ನಾಡಿನ ಒಕ್ಕಲುಮಗನಿಗೆ ಹಡಗಿನ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಮಾಘ, ಫಾಲ್ಗುಣ ಮಾಸಗಳಲ್ಲಿ ಅಥಣಿಯಿಂದ ತೆಲಸಂಗದ ಕಡೆಗೆ ಹೋದವರು ತೋಟಗಳ ಬದಿಯ ಶೆಡ್ಡುಗಳಲ್ಲಿ, ಬಲೆಯ ಅಂತಸ್ತುಗಳ ಮೇಲೆ, ರಾಶಿ ರಾಶಿಯಾಗಿ ದ್ರಾಕ್ಷಿ ಒಣಗುತ್ತಿರುವುದನ್ನು ಕಂಡಿರಬೇಕು. ಆ ನೋಟದ ಅರ್ಥ ಪೂರ್ತಿಯಾಗಿ ತಿಳಿಯಬೇಕಾದರೆ ಒಮ್ಮೆ ಕಡಲಿಗೆ ಹೋಗಿ ಬರಲೇಬೇಕು.

ಕೆಡುವ ಪದಾರ್ಥವನ್ನು ದೂರಕ್ಕೆ ಒಯ್ಯುವುದು ಮನುಷ್ಯನ ಬಹು ಹಳೆಯ ತೊಡಕು. ಮಾಂಸದ ಮಟ್ಟಿಗೆ ನಮ್ಮ ಕುರುಬರು ಅದನ್ನು ಸುಲಭವಾಗಿ ಬಿಡಿಸಿಕೊಂಡಿದ್ದರು. ಕುರಿಯನ್ನು ನಡೆಸಿಕೊಂಡೇ ಸಂತೆಗೆ ಹೋದರಾಯಿತು. ತನ್ನ ಕಾಲ ಮೇಲೆ ತಾನೇ ಬರುವ ಮಾಂಸಕ್ಕೆ ಮಂಜುಗಡ್ಡೆಯ ಹಂಗಿಲ್ಲ. ಆದರೆ ಈ ಉಪಾಯ ಮಹಾಸಾಗರದ ಮೇಲೆ ನಡೆಯಲಾರದು. ನ್ಯೂಜಿಲೆಂಡಿನಲ್ಲಿ ಕುರಿಗಳು ಲೆಕ್ಕವಿಲ್ಲದಷ್ಟಿದ್ದವು, ತಿನ್ನುವವರು ಕಡಿಮೆ. ಇಂಗ್ಲೆಂಡಿನಲ್ಲಿ ತಿನ್ನುವವರು ಬಹಳ, ಮಾಂಸ ಸಾಲದು. ನಡುವೆ ಅರ್ಧ ಭೂಮಂಡಲದ ನೀರು. 1882ರ ಫೆಬ್ರವರಿ 15ರಂದು ‘ಡನೀಡನ್’ ಎಂಬ ಹಾಯಿಹಡಗು ಸುಮಾರು 5,000 ಕುರಿ, ಕುರಿಮರಿಗಳ ಹೆಪ್ಪುಗಟ್ಟಿಸಿದ ಮಾಂಸವನ್ನು ಹೊತ್ತು ನ್ಯೂಜಿಲೆಂಡಿನಿಂದ ಹೊರಟು, 98 ದಿನಗಳ ತರುವಾಯ ಲಂಡನ್ನನ್ನು ಸೇರಿತು. ಓಡಿಸುವುದಕ್ಕೆ ಗಾಳಿ, ತಣ್ಣಗಿಡುವುದಕ್ಕೆ ಉಗಿಯಂತ್ರ! ಸರಕು ಕೆಡದೆ ಮುಟ್ಟಿತು. ಅಂದಿನಿಂದ ದಕ್ಷಿಣ ಗೋಲಾರ್ಧದ ಕುರಿಗಾರನ ಬಾಳು ಲಂಡನ್ನಿನ ಪೇಟೆಗೆ ಕಟ್ಟಿಕೊಂಡಿತು.

ಕಟ್ಟಿದ ಹಗ್ಗ ಎಷ್ಟು ಸಣ್ಣದೆಂಬುದನ್ನು ಎರಡನೆಯ ಮಹಾಯುದ್ಧ ತೋರಿಸಿಕೊಟ್ಟಿತು. 1939ರ ಡಿಸೆಂಬರ್ 2ರಂದು ಜರ್ಮನಿಯ ಯುದ್ಧನೌಕೆ ‘ಗ್ರಾಫ್ ಸ್ಪೀ’, ಮಾಂಸ ಮೊದಲಾದ ಆಹಾರವನ್ನು ಹೊತ್ತು ಇಂಗ್ಲೆಂಡಿಗೆ ಹೊರಟಿದ್ದ ‘ಡೋರಿಕ್ ಸ್ಟಾರ್’ ಎಂಬ ಶೀತಲ ಹಡಗನ್ನು ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಮುಳುಗಿಸಿತು. ಆ ಹಡಗಿನ ಒಡೆಯರಾದ ಬ್ಲೂ ಸ್ಟಾರ್ ಲೈನ್‌ನವರು ಯುದ್ಧ ಮುಗಿಯುವುದರೊಳಗೆ ಕಳೆದುಕೊಂಡ ಹಡಗುಗಳು 29. ಶೀತಲ ಹಡಗು ಸಾಮಾನ್ಯ ಹಡಗಿನಂತಲ್ಲ. ಅದನ್ನು ಕಟ್ಟುವುದಕ್ಕೆ ವೆಚ್ಚವೂ ಹೆಚ್ಚು, ಕಾಲವೂ ಹೆಚ್ಚು. ವೇಗವಾಗಿ ಓಡುವುದರಿಂದ ಸೇನೆಯ ಕಣ್ಣೂ ಮೊದಲು ಅದರ ಮೇಲೆಯೇ.

ಆದರೂ ಅಭಾವಕ್ಕೆ ಮುಳುಗಿದ ಹಡಗುಗಳಷ್ಟೇ ಕಾರಣವಲ್ಲ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ ಮೆಡಿಟರೇನಿಯನ್ ದಾರಿ ವ್ಯಾಪಾರದ ಹಡಗುಗಳಿಗೆ ಮುಚ್ಚಿಹೋಯಿತು. ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತುವುದು ಅನಿವಾರ್ಯವಾಯಿತು. ಹಡಗುಗಳು ಗುಂಪುಗೂಡಿ, ಕಾವಲಿನೊಡನೆ, ನಿಧಾನವಾದುದರ ವೇಗಕ್ಕೆ ಹೊಂದಿಕೊಂಡು ಸಾಗಬೇಕಾಯಿತು. ವರ್ಷಕ್ಕೆ ಮೂರು ಸಲ ಹೋಗಿ ಬರುತ್ತಿದ್ದ ಹಡಗು ಎರಡೇ ಸಲ ಬಂದರೆ, ಮೂರು ಹಡಗುಗಳಲ್ಲಿ ಒಂದು ಮುಳುಗಿದಂತೆಯೇ ಅಲ್ಲವೆ? ಗುಂಡು ತಾಗದೆಯೂ ಹಡಗು ಹೀಗೆ ಇಲ್ಲವಾಗುತ್ತದೆ. ಇಂಗ್ಲೆಂಡಿನಲ್ಲಿ 1940ರ ಮಾರ್ಚ್ 11ರಿಂದ ಮಾಂಸಕ್ಕೆ ರೇಷನ್ ಬಂದಿತು. ಅದು ತೊಲಗಿದ್ದು 1954ರ ಜುಲೈನಲ್ಲಿ. ಅತ್ತ ನ್ಯೂಜಿಲೆಂಡಿನಲ್ಲಿ ಶೀತಗೃಹಗಳು ತುಂಬಿ, ಕಡಿದ ಮಾಂಸಕ್ಕೆ ಜಾಗವಿಲ್ಲದಂತಾಯಿತು. ಒಂದು ತುದಿಯಲ್ಲಿ ಹಸಿವು, ಇನ್ನೊಂದರಲ್ಲಿ ಕೊಳೆಯುವ ಭಯ.

ಆಗ ಅವರು ಹೂಡಿದ ಉಪಾಯಗಳು ಗಮನಾರ್ಹ. ಮಾಂಸದಿಂದ ಮೂಳೆ ತೆಗೆದರು. ಕುರಿಯ ದೇಹವನ್ನು ನಡುವೆ ಕತ್ತರಿಸಿ, ಹಿಂಭಾಗವನ್ನು ಮುಂಭಾಗದ ಎದೆಗೂಡಿನೊಳಗೆ ತುರುಕಿದರು. ಡಬ್ಬಿಗೆ ತುಂಬಿದರು. ಕೊನೆಗೆ ನೀರನ್ನೇ ತೆಗೆದು ಒಣಗಿಸಿದರು. ಒಣಗಿದ ಮಾಂಸಕ್ಕೆ ಶೀತಲ ಹಡಗೇ ಬೇಡ. ಉಪ್ಪು, ಅರಿಸಿನ ಹಚ್ಚಿ ಮಾಂಸದ ಎಳೆಗಳನ್ನು ಹಗ್ಗದ ಮೇಲೆ ಬಿಸಿಲಿಗೆ ಹಾಕುವ ನಮ್ಮ ಕಡೆಯ ಮುದುಕಿಗೆ ಇದು ಹೊಸ ವಿದ್ಯೆಯೇನಲ್ಲ.

ಇದೆಲ್ಲ ಮುಗಿದ ಕಥೆಯೆಂದುಕೊಳ್ಳುವಷ್ಟರಲ್ಲಿ ಅದು ಮರಳಿ ಬಂದಿತು. 2023ರ ನವೆಂಬರಿನಿಂದ ಯೆಮನ್ನಿನ ಹೂತಿ ಪಡೆಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಎರಗತೊಡಗಿದವು. ಡಿಸೆಂಬರಿನಲ್ಲಿ ದೊಡ್ಡ ದೊಡ್ಡ ಹಡಗು ಕಂಪನಿಗಳು ಸೂಯೆಜ್ ದಾರಿಯನ್ನು ತೊರೆದು ಅದೇ ಗುಡ್‌ಹೋಪ್ ಭೂಶಿರವನ್ನು ಸುತ್ತಿದವು. ಮುಂಬಯಿಯಿಂದ ಯುರೋಪಿಗೆ ಸುಮಾರು ಎರಡು ವಾರದ ಹೆಚ್ಚುವರಿ ಪಯಣ. ಈಗ ತಂಪು ಹಡಗಿನ ಹೊಟ್ಟೆಯಲ್ಲಿಲ್ಲ, ಬಿಡಿಬಿಡಿ ಕಂಟೇನರುಗಳಲ್ಲಿದೆ. ಆದರೆ ಲೆಕ್ಕ ಹಳೆಯದೇ. ಹೋದ ಕಂಟೇನರು ತಡವಾಗಿ ಮರಳಿದರೆ ಇರುವಷ್ಟೇ ಕಂಟೇನರುಗಳು ಸಾಲದಾಗುತ್ತವೆ, ಬಾಡಿಗೆ ಏರುತ್ತದೆ. 2024ರ ಆರಂಭದಲ್ಲಿ ನಾಸಿಕದ ದ್ರಾಕ್ಷಿಯ ರಫ್ತುದಾರರು ಈ ಬಿಸಿಯನ್ನು ಅನುಭವಿಸಿದರು. ದ್ರಾಕ್ಷಿಗೆ ಕಾಯುವ ಶಕ್ತಿಯಿಲ್ಲ.

ಇಲ್ಲಿಗೆ ನಾವು ಅಥಣಿಯ ಶೆಡ್ಡಿಗೆ ಮರಳಬಹುದು. ತೊಳೆದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಬಲೆಯ ಮೇಲೆ ಹರಡಿ, ನೆರಳಿನಲ್ಲಿ ಗಾಳಿಗೆ ಬಿಡುತ್ತಾರೆ. ಎರಡು ವಾರಗಳಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಮೂರು ಪಾಲು ನೀರನ್ನು ಕಳೆದುಕೊಂಡು ಹಣ್ಣು ಕಾಲವನ್ನು ಗೆಲ್ಲುತ್ತದೆ. ಈ ಸೀಮೆಯ ಬೆಳೆಗಳನ್ನು ಒಂದೊಂದಾಗಿ ನೆನೆದರೆ ಬೆರಗಾಗುತ್ತದೆ: ನಿಪ್ಪಾಣಿಯ ತಂಬಾಕು ಒಣಗಿದ ಎಲೆ, ರಾಯಬಾಗದ ಅರಿಸಿನ ಬೇಯಿಸಿ ಒಣಗಿಸಿದ ಗಡ್ಡೆ, ಚಿಕ್ಕೋಡಿ, ಕಾಗವಾಡಗಳ ಕಬ್ಬು ನೀರು ಬತ್ತಿ ಬೆಲ್ಲ, ಸಕ್ಕರೆಯಾಗುತ್ತದೆ. ಉಗಾರದ ಸಕ್ಕರೆ ಕಾರ್ಖಾನೆ ಹುಟ್ಟಿದ್ದೂ ಯುದ್ಧ ಹುಟ್ಟಿದ 1939ರಲ್ಲಿಯೇ. ಕಡಲಿಲ್ಲದ ನಾಡು ಹಿಮವನ್ನು ನಂಬದೆ ಬಿಸಿಲನ್ನೂ ಬೆಂಕಿಯನ್ನೂ ನಂಬಿ ಬಾಳಿದೆ.

ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಶೆಡ್ಡಿನಲ್ಲಿ ಹಣ್ಣು ಹರಡಿದ ವಾರವೇ ಅಕಾಲ ಮಳೆ ಸುರಿದರೆ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ. ಹಡಗು ಸಿಗದ ಹಸಿ ದ್ರಾಕ್ಷಿಯೂ ಒಣಗುವುದಕ್ಕೇ ಬಂದರೆ ಒಣದ್ರಾಕ್ಷಿಯ ಪೇಟೆ ತುಂಬಿ ತುಳುಕುತ್ತದೆ. ಹಡಗಿನ ಮುಖವನ್ನೇ ನೋಡದ ಅಥಣಿಯ ಒಕ್ಕಲುಮಗ ದೂರದ ಯುದ್ಧದ ದಂಡವನ್ನು ತನ್ನ ಅಂಗಳದಲ್ಲಿಯೇ ತೆರಬೇಕಾಗುತ್ತದೆ. ಸಾಲ ತೀರಿಸುವ ಅವಸರವುಳ್ಳವನು ಸಿಕ್ಕ ಬೆಲೆಗೆ ಮಾರುತ್ತಾನೆ. ಶೀತಗೃಹದಲ್ಲಿ ಸರಕಿಟ್ಟು ಕಾಯಬಲ್ಲವನು ಉಳಿಯುತ್ತಾನೆ.

ಆದುದರಿಂದ ಒಣಗಿಸುವ ಶೆಡ್ಡು, ಊರಿಗೆ ಸಮೀಪದ ಶೀತಗೃಹ, ಇಟ್ಟ ಸರಕಿನ ಮೇಲೆ ಸುಲಭದ ಸಾಲ, ಈ ಮೂರೂ ಸಣ್ಣ ಹಿಡುವಳಿದಾರನ ಕೈಗೆಟುಕಬೇಕು. ಸೂಯೆಜ್ ತೆರೆದಿರಲಿ, ಮುಚ್ಚಿರಲಿ, ಅದು ನಮ್ಮ ವಶದಲ್ಲಿಲ್ಲ. ಕೊಯ್ದ ಫಲವನ್ನು ಮೂರು ತಿಂಗಳು ಕಾದಿಡುವ ಶಕ್ತಿಯನ್ನು ಒಕ್ಕಲುಮಗನಿಗೆ ಕೊಡುವುದು ಮಾತ್ರ ನಮ್ಮ ವಶದಲ್ಲಿದೆ.