ರಾಮನಗರಕ್ಕೆ ಹೊಸ ಹೆಸರು: ಜನತೆಗೆ ದಕ್ಕಿದ್ದೇನು?

ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿತು. 2024ರ ಜುಲೈನಲ್ಲೇ ಇಂಥದೊಂದು ತೀರ್ಮಾನವಾಗಿತ್ತಾದರೂ ಕೇಂದ್ರದ ಸಮ್ಮತಿ ದೊರೆತಿರಲಿಲ್ಲ. ಜಿಲ್ಲೆಯ ರಚನೆ ಮತ್ತು ಹೆಸರು ರಾಜ್ಯದ ಅಧಿಕಾರವ್ಯಾಪ್ತಿಗೆ ಸೇರಿದ್ದೆಂಬ ನಿಲುವು ತಳೆದ ಸರ್ಕಾರ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಆಧಾರದಲ್ಲಿ ಎರಡನೆಯ ಬಾರಿ ಮುಂದಡಿ ಇಟ್ಟಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಹಾಗೂ ಹಾರೋಹಳ್ಳಿ ತಾಲ್ಲೂಕುಗಳು ಹೊಸ ಹೆಸರಿನಡಿ ಬಂದವು. ಜಿಲ್ಲಾ ಕೇಂದ್ರ ಮಾತ್ರ ರಾಮನಗರದಲ್ಲೇ ಉಳಿಯಿತು.

ಈ ನೆಲಕ್ಕೆ ಹೆಸರು ಬದಲಾಗುವುದು ಹೊಸತಲ್ಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ರಾಮನಗರ ಪಟ್ಟಣ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿತ್ತು. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಪಟ್ಟಣಕ್ಕೆ ರಾಮನ ಹೆಸರು ಬಂದದ್ದು ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ. ಜಿಲ್ಲೆಯ ವಿಚಾರಕ್ಕೆ ಬಂದರೆ, ಈ ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದವು, ಬಳಿಕ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರ ಆಗಸ್ಟ್‌ನಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರಾಮನಗರ ಜಿಲ್ಲೆ ರಚನೆಯಾಯಿತು.

ಆದುದರಿಂದ, ‘ನಾವು ಮೊದಲಿನಿಂದಲೂ ಬೆಂಗಳೂರಿನವರೇ’ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದಾಗ ಕೆಂಪೇಗೌಡರ ವಂಶದವರು ನೆಲೆ ನಿಂತದ್ದು ಮಾಗಡಿಯಲ್ಲಿ. ಆದರೆ ಪ್ರಶ್ನೆ ಇತಿಹಾಸದ್ದಲ್ಲ, ಆಡಳಿತದ್ದು.

2007ರ ಬದಲಾವಣೆ, 2025ರ ಬದಲಾವಣೆ

2007ರಲ್ಲಿ ಆದದ್ದು ಕೇವಲ ನಾಮಕರಣವಲ್ಲ. ಅಲ್ಲಿಯವರೆಗೆ ಚನ್ನಪಟ್ಟಣದ ರೈತನೊಬ್ಬ ಜಿಲ್ಲಾಧಿಕಾರಿಯವರನ್ನು ಕಾಣಬೇಕಾದರೆ ಬೆಂಗಳೂರು ನಗರಕ್ಕೇ ಹೋಗಬೇಕಾಗಿತ್ತು. ಗ್ರಾಮಾಂತರ ಜಿಲ್ಲೆಯ ಕಚೇರಿ ಇದ್ದದ್ದು ಅಲ್ಲಿ. ಹೊಸ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತ ಪಕ್ಕದ ಊರಿಗೇ ಬಂತು. ಪಹಣಿ ತಿದ್ದುಪಡಿಯ ಮೇಲ್ಮನವಿಗೋ ಪರಿಹಾರದ ಅರ್ಜಿಗೋ ಒಂದು ದಿನದ ಕೂಲಿ ಕಳೆದುಕೊಳ್ಳುವವನಿಗೆ ಇದು ಸಣ್ಣ ಸಂಗತಿಯಲ್ಲ. ನ್ಯಾಯ ಜನರ ಹತ್ತಿರ ಬರುವುದೆಂದರೆ ಇದೇ.

2025ರಲ್ಲಿ ಯಾವ ಕಚೇರಿಯೂ ಯಾರ ಮನೆಗೂ ಹತ್ತಿರವಾಗಲಿಲ್ಲ. ಗೊಂದಲವಂತೂ ಹೆಚ್ಚಿದೆ. ‘ಬೆಂಗಳೂರು ದಕ್ಷಿಣ’ ಲೋಕಸಭಾ ಕ್ಷೇತ್ರದಲ್ಲಿ ಈ ತಾಲ್ಲೂಕುಗಳಿಲ್ಲ. ಅವು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿವೆ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಹಾಗೂ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ರಾಜಧಾನಿಗೆ ಐದು ನಗರ ಪಾಲಿಕೆಗಳಾದಾಗ ಅವುಗಳಲ್ಲೊಂದಕ್ಕೂ ಬೆಂಗಳೂರು ದಕ್ಷಿಣವೆಂಬ ಹೆಸರೇ ಬಂತು. ಕನಕಪುರದ ಮತದಾರ ತನ್ನ ವಿಳಾಸ ಹೇಳಲು ಹೊರಟರೆ ಕೇಳುವವನಿಗೆ ಪ್ರತ್ಯೇಕ ವಿವರಣೆಯೇ ಬೇಕು.

ಹೆಸರಿನ ಹಿಂದಿನ ರಾಜಕಾರಣ

ಉಪಮುಖ್ಯಮಂತ್ರಿಯಾಗಿ ಈ ಪ್ರಸ್ತಾವವನ್ನು ಮುಂದಿಟ್ಟವರು ಕನಕಪುರದ ಡಿ.ಕೆ. ಶಿವಕುಮಾರ್, ವಿರೋಧಿಸಿದವರಲ್ಲಿ ಪ್ರಮುಖರು ಕುಮಾರಸ್ವಾಮಿ. ಬೆಂಗಳೂರಿನ ಹೆಸರಿನಿಂದ ಬಂಡವಾಳ ಹರಿದುಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂಬುದು ಒಂದು ಕಡೆಯ ಮಾತು. ಜಿಲ್ಲೆಯ ಅಸ್ಮಿತೆಯನ್ನೇ ಅಳಿಸಲಾಗುತ್ತಿದೆ ಎಂಬುದು ಇನ್ನೊಂದು ಕಡೆಯ ಮಾತು. ಎರಡು ಮನೆತನಗಳ ಪೈಪೋಟಿಯಲ್ಲಿ ಹೆಸರು ಪಣವಾಯಿತೆಂಬ ಭಾವನೆ ಮೂಡಿದರೆ ಅಚ್ಚರಿಯಿಲ್ಲ. ಆದರೆ ಇಲ್ಲಿನ ಮತದಾರರು ಯಾರ ಸ್ವತ್ತೂ ಅಲ್ಲ. 2023ರಲ್ಲಿ ರಾಮನಗರದಲ್ಲೂ 2024ರ ಉಪಚುನಾವಣೆಯಲ್ಲಿ ಚನ್ನಪಟ್ಟಣದಲ್ಲೂ ನಿಖಿಲ್ ಕುಮಾರಸ್ವಾಮಿ ಸೋತರು. 2024ರ ಲೋಕಸಭಾ ಚುನಾವಣೆಯಲ್ಲಿ ಡಿ.ಕೆ. ಸುರೇಶ್ ಸೋತರು.

ಭೂಮಿಗೆ ಬೆಲೆ, ಯಾರಿಗೆ?

ಭೂಮಿಯ ಬೆಲೆ ಏರುವುದು ಮಾರುವವನಿಗೆ ಲಾಭ. ಉಳುಮೆ ಬಿಡಲೊಲ್ಲದವನಿಗೆ ಅದರಿಂದೇನು? ಬಿಡದಿಯ ಸುತ್ತಲಿನ ಹಳ್ಳಿಗಳಿಗೆ ಈ ಪ್ರಶ್ನೆ ಹಳೆಯದು. 2006ರಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂಬ ಐದು ಕಡೆ ಉಪನಗರಗಳ ಯೋಜನೆ ಸಿದ್ಧವಾಗಿ ಮುಂದೆ ಸಾಗದೆ ನಿಂತಿತು. ಬಿಡದಿಯ ಯೋಜನೆ 2025ರಲ್ಲಿ ಮತ್ತೆ ಜೀವ ಪಡೆದಾಗ ಬೈರಮಂಗಲ ಭಾಗದ ರೈತರು ಧರಣಿ ಕುಳಿತರು. ಒಂದು ಪಕ್ಷ ಆರಂಭಿಸಿದ್ದನ್ನು ಇನ್ನೊಂದು ಪಕ್ಷ ಮುಂದುವರಿಸಿದೆ. ಹೊಲದೊಡೆಯನ ಆತಂಕವಂತೂ ಎರಡು ಕಾಲದಲ್ಲೂ ಒಂದೇ.

ಬೆಂಗಳೂರಿನ ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಬೆಂಗಳೂರಿನ ಕೊಳಚೆ ಈ ಬೈರಮಂಗಲಕ್ಕೆ ಬಂದಿತ್ತು. ವೃಷಭಾವತಿ ನದಿ ರಾಜಧಾನಿಯ ತ್ಯಾಜ್ಯವನ್ನು ಹೊತ್ತು ಇಲ್ಲಿನ ಕೆರೆಗೆ ಇಳಿಯುತ್ತದೆ. ಮುಂದೆ ಅದು ಅರ್ಕಾವತಿಗೂ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೂ ಸೇರುತ್ತದೆ. ಇತ್ತ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿಟ್ಟು ಸಾಗಿತು. ಹಳೆಯ ರಸ್ತೆಯ ಗೊಂಬೆ ಅಂಗಡಿಗಳಿಗೂ ಹೋಟೆಲುಗಳಿಗೂ ಬರುತ್ತಿದ್ದ ಗಿರಾಕಿಗಳು ಕಡಿಮೆಯಾದರು. ರಾಜಧಾನಿಯ ನಂಟು ಎಲ್ಲರಿಗೂ ಒಂದೇ ಬಗೆಯ ಫಲ ಕೊಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೆಸರನ್ನು ಕೊಟ್ಟ ಸರ್ಕಾರ ಅದಕ್ಕೆ ತಕ್ಕ ಹೊಣೆಯನ್ನೂ ಹೊರಬೇಕು. ವೃಷಭಾವತಿಯ ನೀರು ಶುದ್ಧಗೊಂಡೇ ಬೈರಮಂಗಲ ಕೆರೆಗೆ ಇಳಿಯಲಿ. ಜಮೀನು ಕೊಡಲು ಒಪ್ಪದ ರೈತನ ಮಾತಿಗೆ ಗ್ರಾಮಸಭೆಯಲ್ಲಿ ಬೆಲೆ ಸಿಗಲಿ. ಭೂಮಾಲೀಕನಲ್ಲದಿದ್ದರೂ ಆ ಭೂಮಿಯನ್ನೇ ನಂಬಿದ ಕೂಲಿಕಾರ, ರೇಷ್ಮೆ ಹುಳು ಸಾಕುವವ, ಹೈನುಗಾರರ ಲೆಕ್ಕವೂ ಪರಿಹಾರದ ಕಡತದಲ್ಲಿರಲಿ. ಇವಾದರೆ ಜಿಲ್ಲೆಯನ್ನು ಯಾವ ಹೆಸರಿನಿಂದ ಕರೆದರೂ ಇಲ್ಲಿಯ ಜನ ಹೆಚ್ಚು ತಕರಾರು ಮಾಡಲಾರರು. ಇವಾಗದಿದ್ದರೆ ಮುಂದೊಂದು ಸರ್ಕಾರ ಬಂದು ಮತ್ತೊಮ್ಮೆ ಫಲಕ ಬದಲಿಸೀತು. ಅದರ ಖರ್ಚನ್ನು ಭರಿಸುವವರೂ ಇದೇ ಜನ.